ಬಳೆ ತೆಗೆದಿಟ್ಟ ಕೈಗಳು

ಮದುವೆ ನಿಶ್ಚಯವಾದ ಗಂಡಿನ ಮೈಯನ್ನು ಶರಣಬಸಮ್ಮ ಮೊದಲ ಸಲ ಮುಟ್ಟಿದ್ದು ಬಡಿಯುವುದಕ್ಕೆ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು. ಠಾಣೆ ಊರಿನ ದೊಡ್ಡ ಆಸ್ಪತ್ರೆಯ ಐಸಿಯು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಮಂಚದ ಮೇಲೆ ಬಾಳಪ್ಪ. ಕಣ್ಣಿಗೆ ಪಟ್ಟಿ, ಗಂಟಲಿಗೆ ತೂತು ಮಾಡಿ ಇಟ್ಟ ಕೊಳವೆ, ಆ ಕೊಳವೆಗೆ ಉಸಿರು ಊದುವ ಯಂತ್ರ. ತಲೆಯ ಹತ್ತಿರದ ಸಣ್ಣ ಪರದೆಯಲ್ಲಿ ಒಂದು ಹಸಿರು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು.

ಅವನು ಇದ್ದಾನೆ ಎನ್ನುವುದಕ್ಕೆ ಆ ಗೆರೆಯೊಂದೇ ಗುರುತು...

ಕಲ್ಯಾಣದ ಭಾಂಡೆ-ಪಾತ್ರೆ ಅಂಗಡಿಯ ಗೋದಾಮಿನಲ್ಲಿ ಪೆಟ್ಟಿಗೆಯ ಮೊಳೆ ಅವನ ಕಾಲಿಗೆ ಚುಚ್ಚಿತ್ತು. ಅರಿಸಿನ ಮೆತ್ತಿಕೊಂಡು ಕೆಲಸಕ್ಕೆ ಹೋದ. ಮುಂದಿನ ವಾರ ದವಡೆ ಕಚ್ಚಿಕೊಂಡಿತು. ಧನುರ್ವಾಯು. ಸಣ್ಣ ಸದ್ದಿಗೂ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು.

ಆಸ್ಪತ್ರೆಗೆ ತಂದ ದಿನವೇ ಶರಣಬಸಮ್ಮನ ಅಪ್ಪ ಅಮೃತಪ್ಪ, ಬಾಳಪ್ಪನ ತಾಯಿಯ ಹತ್ತಿರ ಮಾತು ತೆಗೆದಿದ್ದ. ಅದೂ ಬಾಳಪ್ಪನ ಸ್ಟ್ರೆಚರಿನ ಪಕ್ಕದಲ್ಲೇ ನಿಂತು. "ಕಾಳವ್ವಕ್ಕಾ, ಸಿಟ್ಟಾಗಬ್ಯಾಡ. ನನಗ ಇರಾಕಿ ಒಬ್ಬಾಕಿ ಮಗಳು. ನಿಶ್ಚಯದ ಮಾತು ಇಲ್ಲಿಗೇ ಬಿಡೂಣು."

ಬಾಯಿ ಕಟ್ಟಿದವನಿಗೆ ಕಿವಿಯೂ ಕಟ್ಟಿರುತ್ತದೆ ಎಂದು ಎಲ್ಲರೂ ತಿಳಿದರು. ಈ ರೋಗ ಬುದ್ಧಿಯನ್ನು ಮುಟ್ಟುವುದಿಲ್ಲ. ಅವನಿಗೆ ಎಲ್ಲವೂ ಕೇಳಿತ್ತು.

ಮರುದಿನ ಅಪ್ಪ ಬೇಡವೆಂದರೂ ಶರಣಬಸಮ್ಮ ವಿಠ್ಠಲವಾಡಿಯಿಂದ ಲೋಕಲ್ ರೈಲು ಹತ್ತಿ ಬಂದಳು. ಅಷ್ಟರಲ್ಲಿ ಅವನಿಗೆ ನಿದ್ದೆಯ ಔಷಧ ಕೊಟ್ಟು ಯಂತ್ರಕ್ಕೆ ಹಾಕಿದ್ದರು. ಅವಳು ಬಂದದ್ದು ಅವನಿಗೆ ಗೊತ್ತಾಗಲಿಲ್ಲ.

ಮಲಗಿದಲ್ಲೇ ಮಲಗಿ ಎದೆಯಲ್ಲಿ ಕಫ ಕಟ್ಟುತ್ತದೆ. ಬೆನ್ನು ಬಡಿದು ಅದನ್ನು ಬಿಡಿಸಬೇಕು. ಅದಕ್ಕೆಂದೇ ಇದ್ದ ಡಾಕ್ಟರು ದಿನಕ್ಕೊಮ್ಮೆ ಬರುತ್ತಿದ್ದರು. ಉಳಿದ ಹೊತ್ತಿಗೆ ಮನೆಯವರೊಬ್ಬರು ಕಲಿಯಲಿ ಎಂದಳು ಸಿಸ್ಟರ್ ಪ್ರಭಾ. ಕುಂದಾಪುರದ ಕಡೆಯವಳು, ಒಬ್ಬಳಿಗೆ ನೋಡಿಕೊಳ್ಳಲು ಹಲವು ಮಂಚ. ಕಾಳವ್ವ ಕೈ ಎತ್ತಿದಳು. ಎತ್ತಿದ ಕೈ ಮಗನ ಬೆನ್ನ ಮೇಲೆ ಇಳಿಯಲೇ ಇಲ್ಲ.

ಶರಣಬಸಮ್ಮ ಮುಂದೆ ಬಂದಳು.

"ಬಳೆ ತೆಗೀಬೇಕು ಮಾರಾಯ್ತಿ," ಪಿಸುಗುಟ್ಟಿದಳು ಪ್ರಭಾ. "ಒಂದೂ ಇರ್ಬಾರ್ದು. ಚರ್ಮ ಗೀರ್ತದೆ. ಸದ್ದಾದ್ರೆ ಮತ್ತೆ ಮೈ ಬಿಗೀತದೆ ಅವರಿಗೆ."

ನಿಶ್ಚಯದ ದಿನ ಅತ್ತೆಯಾಗುವವಳೇ ಇಡಿಸಿದ ಹಸಿರು ಗಾಜಿನ ಬಳೆ... ಕಾಳವ್ವ ಗೋಡೆಯ ಕಡೆ ತಿರುಗಿದಳು. "ನನ್ನ ಕಣ್ಣ ಮುಂದ ತೆಗೀಬ್ಯಾಡ ಯವ್ವಾ."

ನಳದ ಕೆಳಗೆ ಸಾಬೂನು ಹಚ್ಚಿ ಒಂದೊಂದಾಗಿ ಜಾರಿಸಿದಳು. ಬರಿಗೈಯಲ್ಲಿ ಬಂದು ನಿಂತಾಗ ತನ್ನ ಕೈ ತನಗೇ ಪರಕೀಯವಾಗಿತ್ತು. ಅಪಶಕುನ ಮಾಡಿದೆನೇ, ಶಿವನೇ?

ಅಂಗೈಯನ್ನು ನೀರು ಹಿಡಿಯುವ ಹಾಗೆ ಗುಳಿ ಮಾಡಬೇಕು. ರೊಟ್ಟಿ ಬಡಿದ ಕೈ, ಮೊದಮೊದಲು ಚಪ್ಪಟೆಯಾಗಿಯೇ ಬೀಳುತ್ತಿತ್ತು. ಪ್ರಭಾ ಬೆರಳು ಹಿಡಿದು ಬಾಗಿಸಿದಳು. ಆಮೇಲೆ ಟೊಳ್ಳು ಸದ್ದು ಬಂತು. ಬಡಿದು ಮುಗಿದ ಮೇಲೆ ಪ್ರಭಾ ಸಣ್ಣ ನಳಿಗೆಯಿಂದ ಕಫ ಎಳೆದು ತೆಗೆಯುವಳು, ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುವಳು. ಶರಣಬಸಮ್ಮ ಅವನ ಉಗುರು ನೋಡುವಳು, ನೀಲಿಯೋ ಕೆಂಪೋ ಎಂದು. ಆ ಕೋಣೆಯಲ್ಲಿ ಯಾರೂ ಮಾತನಾಡುವಂತಿರಲಿಲ್ಲ.

ದಿನಕ್ಕೆ ಹಲವು ಸಲ ಬಡಿಯಬೇಕು. ಬಿಗಿ ಬಳೆಯನ್ನು ಅಷ್ಟು ಸಲ ಹಾಕಿ ತೆಗೆಯುವುದು ಆಗದ ಮಾತು. ಬರಿಗೈಯಲ್ಲೇ ಉಳಿದಳು. ಲೋಕಲ್ ಡಬ್ಬಿಯ ಹೆಂಗಸರು ಅವಳ ಕೈ ನೋಡಿ, ಹಣೆಯ ಕುಂಕುಮ ನೋಡಿ, ಬೇರೆ ಕಡೆ ಮುಖ ಮಾಡುತ್ತಿದ್ದರು.

ಕೊನೆಗೆ ಅವನ ಸೆಟೆತ ಸಡಿಲಿತು. ಯಂತ್ರ ಬಿಡಿಸಿದರು. ಗಂಟಲಿನ ಕೊಳವೆ ಉಳಿಯಿತು, ಅದರಿಂದ ದನಿ ಹೊರಡುವಂತಿರಲಿಲ್ಲ. ಪಟ್ಟಿ ತೆಗೆದರು.

ಬಾಳಪ್ಪ ಕಣ್ಣು ಬಿಟ್ಟು ಮೊದಲು ನೋಡಿದ್ದು ಅವಳ ಮುಖ. ಆ ಕಣ್ಣಲ್ಲಿ ಬೆಳಕು ಮೂಡಿತು... ಮರುಕ್ಷಣ ಅವನ ನೋಟ ಅವಳ ಮುಂಗೈಗೆ ಇಳಿಯಿತು. ಬೆಳಕು ನಂದಿತು. ಮುಖ ತಿರುಗಿಸಿಕೊಂಡ.

ಅಲ್ಲಿಂದ ಅವನು ಕೆಮ್ಮಲಿಲ್ಲ.

ಇನ್ನು ಕಫವನ್ನು ಅವನೇ ಕೆಮ್ಮಿ ಕೊಳವೆಯ ತನಕ ತರಬೇಕಿತ್ತು. ಶರಣಬಸಮ್ಮ ಬಡಿದಳು. ಪ್ರಭಾ ಗದರಿದಳು, ಬೇಡಿಕೊಂಡಳು. ಅವನು ಗೋಡೆ ನೋಡುತ್ತ ಮಲಗಿದ. ಉಸಿರು ಗೊರಗೊರ ಎನ್ನತೊಡಗಿತು. ಪರದೆಯ ಹಸಿರು ಗೆರೆ ಅವಸರದಿಂದ ಓಡಿತು. ಸಂಜೆಯೊಳಗೆ ಕಫ ಹೊರಗೆ ಬರದಿದ್ದರೆ ಮತ್ತೆ ಯಂತ್ರ, ಈ ಸಲ ಯಂತ್ರದಿಂದ ಹಿಂದೆ ಬರುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿ ಹೋದರು.

ಇಷ್ಟು ದಿನ ಬದುಕಿದವನು ಈಗ ಯಾಕೆ ಬೇಡವೆನ್ನುತ್ತಾನೆ? ನನ್ನ ಮುಖ ನೋಡಿಯೇ? ಶರಣಬಸಮ್ಮ ಅವನ ಕೈ ನೋಡಿದಳು. ಉಗುರಿನ ತುದಿ ನೀಲಿಗೆ ತಿರುಗಿತ್ತು. ಆ ಕೈಯನ್ನು ಎತ್ತಿ ಹಿಡಿದುಕೊಂಡಳು.

ಬಾಳಪ್ಪನ ಬೆರಳು ಅಲುಗಿತು. ಅವಳ ಬರಿ ಮುಂಗೈಯ ಸುತ್ತ, ಬಳೆ ಇರಬೇಕಾದಲ್ಲಿ, ಮೆಲ್ಲಗೆ ಒಂದು ಸುತ್ತು ಬಂತು. ಮಗಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಅಮೃತಪ್ಪನ ಕಡೆ ಕಣ್ಣು ಹೊರಳಿಸಿದ. ಆಮೇಲೆ ಅವಳ ಕೈಯನ್ನು ದೂರ ನೂಕಿದ. ಹೋಗು ಎನ್ನುವ ಹಾಗೆ.

ಶರಣಬಸಮ್ಮನಿಗೆ ಆಗ ತಿಳಿಯಿತು. ಅಯ್ಯೋ, ಸಂಬಂಧ ಮುರಿದು ಬಳೆ ತೆಗೆದಿದ್ದೇನೆ ಎಂದುಕೊಂಡಿದ್ದಾನೆ...

ಆ ಕೋಣೆಯಲ್ಲಿ ಅವಳು ಮೊದಲ ಸಲ ಬಾಯಿ ತೆರೆದಳು. ಅಪ್ಪ ಕೇಳಲಿ, ಲೋಕ ಕೇಳಲಿ.

"ನಿಮ್ಮನ್ನ ಬಿಡಾಕ ತೆಗದಿಲ್ರಿ. ನಿಮ್ಮನ್ನ ಬಡಿಯಾಕ ತೆಗದೀನಿ."

ಎರಡೂ ಅಂಗೈಗಳನ್ನು ಅವನ ಕಣ್ಣ ಮುಂದೆ ಹಿಡಿದಳು. ಬಾತು, ಕೆಂಪೇರಿ, ಅಂಚಿನಲ್ಲಿ ಚರ್ಮ ಒಡೆದ ಅಂಗೈಗಳು. "ದಿನಾ ನಿಮ್ಮ ಬೆನ್ನ ಮ್ಯಾಲೆ ಇದ್ದದ್ದು ಇವೇ ಕೈರಿ. ಬಳಿ ಇದ್ರ ನಿಮ್ಮ ಜೀವಕ್ಕ ಕುತ್ತು ಅಂದ್ರು. ನಿಮಗಿಂತ ಬಳಿ ದೊಡ್ಡವೇನು? ಕೆಮ್ಮರಿ... ನನ್ನ ಸಲುವಾಗಿ ಒಂದ ಸಲ ಕೆಮ್ಮರಿ."

ಅವನು ಆ ಕೈಗಳನ್ನೇ ನೋಡಿದ. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು.

ಅವಳು ಅವನನ್ನು ಪಕ್ಕಕ್ಕೆ ಹೊರಳಿಸಿ ಬಡಿಯಲು ತೊಡಗಿದಳು. ಅಳುತ್ತ ಬಡಿದಳು. ಕೈ ಸೋತರೂ ಬಿಡದೆ ಬಡಿದಳು.

ಬಾಳಪ್ಪ ಇದ್ದಬದ್ದ ಬಲವನ್ನೆಲ್ಲ ಎದೆಗೆ ತಂದು ಕೆಮ್ಮಿದ. ಮತ್ತೆ ಕೆಮ್ಮಿದ. ಕೊಳವೆಯ ಬಾಯಿಗೆ ಹಳದಿ ಗಡ್ಡೆ ಬಂತು. ಪ್ರಭಾ ನಳಿಗೆ ಹಿಡಿದುಕೊಂಡು, "ಬಂತು ಬಂತು, ಇನ್ನೊಂದು ಸಲ," ಎನ್ನುತ್ತಿದ್ದಳು. ಬಾಗಿಲಲ್ಲಿದ್ದ ಅಮೃತಪ್ಪ ಹೊರಗೆ ಹೋಗಿ ಬೆಂಚಿನ ಮೇಲೆ ಕಾಳವ್ವನ ಪಕ್ಕ ಕುಳಿತ.

ಕೆಲವು ದಿನಗಳಲ್ಲಿ ಉಸಿರು ಹದಕ್ಕೆ ಬಂತು. ಪ್ರಭಾ ಗಂಟಲಿನ ಕೊಳವೆ ಬದಲಿಸಿ, ಅದರ ಬಾಯಿಗೆ ಬೆರಳು ಒತ್ತಿದರೆ ದನಿ ಬರುತ್ತದೆ ಎಂದು ತೋರಿಸಿಕೊಟ್ಟಳು.

ಬಾಳಪ್ಪ ಬೆರಳು ಒತ್ತಿದ. ಹರಿದ ದನಿ ಬಂತು. "ನಿಮ್ಮಪ್ಪ ಹೇಳಿದ್ದು... ಖರೇ ಐತಿ. ನಾ ಮೊದಲಿನಂಗ ಆಗ್ತೀನೋ ಇಲ್ಲೋ. ನೀ ಹೋಗೂದಿದ್ರ..."

ಶರಣಬಸಮ್ಮ ಅವನ ಬೆರಳನ್ನು ಕೊಳವೆಯಿಂದ ಮೆಲ್ಲಗೆ ತೆಗೆದಳು. ದನಿ ಅಲ್ಲಿಗೇ ನಿಂತಿತು.

"ಸಾಕ್ರಿ. ಇಷ್ಟು ದಿನಕ್ಕ ಬಾಯಿ ಬಂದದ್ದು ಇದನ್ನ ಹೇಳಾಕೇನು? ನಮ್ಮಪ್ಪನ ಮಾತು ನಮ್ಮಪ್ಪಂದು. ನನಗ ನೀವು ಬೇಕು. ಹೆಂಗ ಇದ್ರೂ ಬೇಕು."

ಅವನು ಕೈ ಬಿಡಿಸಿಕೊಂಡು ಮತ್ತೆ ಬೆರಳು ಒತ್ತಿದ.

"ಹಂಗಾದ್ರ... ಉಂಡು ಬಾ. ಮಾರಿ ಬಾಡೇತಿ."

"ನೀವು ಮಲಗ್ರಿ. ಉಂಡು ಬರ್ತೀನಿ."