ಹೊನ್ನಳಿವೆಯ ಹಗ್ಗ

ಎರಡು ಎಳೆ ಸೇರಿಸಿ ಹೊಸೆದು ಒಂದು ಹಗ್ಗ ಮಾಡುವುದಕ್ಕೆ ನಮ್ಮ ಕಡಲದಂಡೆಯಲ್ಲಿ ಒಂದು ಮಾತಿತ್ತು. ಏನೋ ಹುರಿ. ನಡುಹುರಿಯೋ, ಗಡುಹುರಿಯೋ... ಊಹೂಂ, ಅದಲ್ಲ. ಹುರಿ ಎಂಬ ಬಾಲ ಕೈಗೆ ಸಿಗುತ್ತಿದೆ, ತಲೆ ತಪ್ಪಿಸಿಕೊಂಡಿದೆ. ಕೇಳೋಣವೆಂದರೆ ಈ ಊರಿನ ಸುತ್ತ ಒಂದು ತೆಂಗಿನ ಮರವಿಲ್ಲ, ಕಡಲಂತೂ ಎರಡು ದಿನದ ರೈಲುದಾರಿ. ಇರಲಿ ಪಮ್ಮೂ, ಕೇಳು ಮಗಾ. ಕತೆ ಸಾಗಲಿ, ದಾರಿಯಲ್ಲಿ ಸಿಕ್ಕೀತು.

ಕಡಲಿಗೆ ಉಪ್ಪು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಹೊನ್ನಳಿವೆ ಎಂಬ ರಾಜ್ಯವಿತ್ತು. ಹೊಳೆ ಬಂದು ಕಡಲು ಸೇರುವ ಕಡೆ ಅದರ ಪಟ್ಟಣ. ಹೊಳೆಯ ಬಡಗಣ ದಡದಲ್ಲಿ ಅರ್ಧ ಪಟ್ಟಣ, ತೆಂಕಣ ದಡದಲ್ಲಿ ಅರ್ಧ ಪಟ್ಟಣ, ನಡುನೀರಿನಲ್ಲಿ ಒಂದು ಪುಟ್ಟ ನಡುಗಡ್ಡೆ, ನಮ್ಮ ಕಡೆ ಅದಕ್ಕೆ ಕುದ್ರು ಎನ್ನುತ್ತಾರೆ. ಆ ಕುದ್ರುವಿನ ಮೇಲೆ ಒಂದೇ ಒಂದು ತೆಂಗಿನ ಮರ. ಅದನ್ನು ನೆಟ್ಟವಳು ಹಗ್ಗದ ಹೊನ್ನಕ್ಕ. ಅವಳು ನೆಟ್ಟ ಮರದ ನಾರಿಗೆ ಒಂದು ಗುಣವಿತ್ತು: ಹೊಸೆದಷ್ಟೂ ಮುಗಿಯುತ್ತಿರಲಿಲ್ಲ.

ಹೊನ್ನಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ತುಳಸು, ಚಿಕ್ಕವಳು ಸೇವಂತಿ. ತುಳಸು ಬಲತೊಡೆಯ ಮೇಲೆ ಬಲಗೈಯಲ್ಲಿ ನಾರು ಹೊಸೆಯುವಳು. ಅವಳ ಎಳೆ ಬಲಕ್ಕೆ ಮುರಿ ಬೀಳುವುದು. ಸೇವಂತಿ ಎಡಚಿ. ಎಡತೊಡೆಯ ಮೇಲೆ ಎಡಗೈಯಲ್ಲಿ ಹೊಸೆದರೆ ಅವಳ ಎಳೆ ಎಡಕ್ಕೆ ಮುರಿ ಬೀಳುವುದು. ಬಲಮುರಿಗೆ ಬಲಮುರಿಯೇ ಜೊತೆಯಾಗಬೇಕು, ಎಡಮುರಿಗೆ ಎಡಮುರಿಯೇ. ಒಂದು ಬಲ ಒಂದು ಎಡ ಸೇರಿಸಿದರೆ ಅದು ಹಗ್ಗವಾಗುವುದಿಲ್ಲ. ಅದಕ್ಕೇ ಹೊನ್ನಕ್ಕ ಚಿಕ್ಕವಳಿಗೆ, "ಮುಂದಕ್ಕೆ ನೂಕಬೇಡವೇ, ನಿನ್ನ ಕಡೆಗೆ ಎಳೆದು ಹೊಸೆ" ಎನ್ನುವಳು. ಸೇವಂತಿ ಹಾಗೆಯೇ ಹೊಸೆಯುವಳು. ಕೈ ಉಳುಕುವುದು, ಹಗ್ಗ ಮಾತ್ರ ಆನೆ ಕಟ್ಟಿದರೂ ಬಿಡದು.

ಹೊನ್ನಕ್ಕ ತೀರಿಕೊಂಡಳು. ಅದಾದ ಮೇಲೆ ಮೊದಲ ಹಗ್ಗಕ್ಕೆ ಕೂತಾಗ ಸೇವಂತಿ ಹೇಳಿದಳು: "ಅಕ್ಕಾ, ಇಷ್ಟು ವರ್ಷ ನಾನು ತಿರುಗಿಸಿದೆ. ಇದೊಂದು ಸಲ ನೀನು ತಿರುಗಿಸು."

"ಚೆನ್ನಾಯಿತು! ಎಡಚಿಗೋಸ್ಕರ ನಾನು ಎಡಚಿಯಾಗಲೋ?" ಎಂದಳು ತುಳಸು.

ಅಷ್ಟೇ ನಡೆದದ್ದು. ಆ ಅಷ್ಟಕ್ಕೆ ಮನೆ ಎರಡಾಯಿತು. ತುಳಸು ಬಡಗಣ ದಡದಲ್ಲಿ ಉಳಿದಳು, ಸೇವಂತಿ ತೆಂಕಣ ದಡಕ್ಕೆ ಬಂದಳು. ಇಬ್ಬರೂ ಒಂಟಿ ಎಳೆಯ ಹುರಿ ಮಾರಿ ಬದುಕಿದರು. ಸೌದೆ ಹೊರೆ ಕಟ್ಟಲಿಕ್ಕೆ, ಕರು ಕಟ್ಟಲಿಕ್ಕೆ ಅಷ್ಟು ಸಾಕು. ಊರಿನಲ್ಲಿ ದಪ್ಪ ಹಗ್ಗವೆಂಬುದೇ ಇಲ್ಲವಾಯಿತು. ವರ್ಷಗಳು ಕಳೆದವು, ಒಬ್ಬರು ಇನ್ನೊಬ್ಬರ ಮುಖ ನೋಡಲಿಲ್ಲ. ಅವರ ನಡುವೆ ಓಡಾಡುತ್ತಿದ್ದದ್ದು ಮಾತಾಡುವ ಒಂದು ಬೆಳ್ಳಕ್ಕಿ ಮಾತ್ರ. ಅದು ಈ ದಡದ ಚುಚ್ಚುಮಾತನ್ನು ಆ ದಡಕ್ಕೂ ಆ ದಡದ್ದನ್ನು ಈ ದಡಕ್ಕೂ ಒಯ್ದು ಮೀನು ಸಂಪಾದಿಸುತ್ತಿತ್ತು.

ಒಂದು ಬೆಳಿಗ್ಗೆ ಸೇವಂತಿ ಹೊಳೆಗೆ ಕಾಲಿಟ್ಟು ನೋಡುತ್ತಾಳೆ, ಆಚೆ ದಡ ದೂರ ಹೋಗಿದೆ. ನಿನ್ನೆಯವರೆಗೆ ಅಕ್ಕನ ಅಂಗಳದ ಕೋಳಿ ಕಾಣುತ್ತಿತ್ತು. ಇವತ್ತು ಮನೆಯೇ ಕೋಳಿಯಷ್ಟು ಕಾಣುತ್ತದೆ.

ಬಡಗಣ ದಡದ ಅಡಿಗೆ ಒಂದು ಆಮೆ ನುಗ್ಗಿತ್ತು. ಮನೆ, ಮರ, ಬಾವಿ, ಬೀದಿ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಕಡಲ ಕಡೆಗೆ ಹೊರಟಿತ್ತು. ಅದರ ತಲೆಯ ಮೇಲೆ ಕೂತವನು ತುಂಡುರಾಯನೆಂಬ ಮಾಂತ್ರಿಕ. ಅವನಿಗೆ ಅರ್ಧ ಮೀಸೆ, ತಲೆಯ ಮೇಲೆ ಅರ್ಧ ಕೊಡೆ. ಕಡಲಾಚೆ ಅವನ ಅರಮನೆಯಲ್ಲಿ ಅರ್ಧ ಸೇತುವೆ, ಅರ್ಧ ಬಾವಿ, ಅರ್ಧ ತೊಟ್ಟಿಲು, ಎಲ್ಲವೂ ಕದ್ದ ಅರ್ಧಗಳೇ. ಕೂಡಿಕೊಂಡಿರುವುದನ್ನು ಅವನು ಮುಟ್ಟಲಾರ. ತಾನಾಗಿ ಬೇರೆಯಾದದ್ದು ಅವನ ಪಾಲು.

ಅವನು ನೀರಿನ ಮೇಲಿಂದ ಕೂಗಿದ: "ಹೊನ್ನಳಿವೆಯವರೇ! ಕಟ್ಟಳೆ ಕಟ್ಟಳೆಯೇ. ಮೂರು ಸಲ ಎಳೆಯುತ್ತೇನೆ, ದಿನಕ್ಕೊಂದು ಸಲ, ಕಡಲು ಉಬ್ಬುವ ಹೊತ್ತಿಗೆ. ಆಮೆಯ ಬಾಲಕ್ಕೂ ನಿಮ್ಮ ಕುದ್ರುವಿನ ಮರಕ್ಕೂ ಏನು ಬೇಕಾದರೂ ಕಟ್ಟಿ. ಮೂರನೆಯ ಎಳೆತ ತಡೆದರೆ ದಡ ನಿಮ್ಮದು. ತಡೆಯದಿದ್ದರೆ ನನ್ನದು."

ಆಚೆ ದಡದ ಜನ ಮಕ್ಕಳುಮರಿ ಕಟ್ಟಿಕೊಂಡು ದೋಣಿ ಹತ್ತಿ ಈಚೆ ಬಂದರು. ಸೇವಂತಿ ಪ್ರತಿ ದೋಣಿಯನ್ನೂ ನೋಡಿದಳು, ನೋಡದವಳ ಹಾಗೆ. ತುಳಸು ಬರಲಿಲ್ಲ.

ಬೆಳ್ಳಕ್ಕಿ ಹಾರಿ ಬಂತು. "ನಿನ್ನ ಅಕ್ಕ ಏನೆಂದಳು ಗೊತ್ತೇ? ಆ ಎಡಚಿಯ ದಡಕ್ಕೆ ಕಾಲಿಡುವುದಕ್ಕಿಂತ ಕಡಲೇ ಮೇಲಂತೆ."

ಸೇವಂತಿಯ ಎದೆಯೊಳಗೆ ಏನೋ ಜಗ್ಗಿತು. ಕೋಪವೆಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅದು ಕೋಪವಲ್ಲವೆಂದು ತಿಳಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅವಳನ್ನು ಕಡಲಿಗೆ ಬಿಡುವುದಿಲ್ಲ" ಎಂದಳು.

ಮೊದಲ ದಿನ ರಾಜ ಅರಮನೆಯ ಕಬ್ಬಿಣದ ಸರಪಳಿ ತರಿಸಿದ. ನೂರು ಆಳು ಹೊತ್ತು ತಂದು ಕುದ್ರುವಿನ ಮರಕ್ಕೂ ಆಮೆಯ ಬಾಲಕ್ಕೂ ಬಿಗಿದರು. ಕಡಲು ಉಬ್ಬಿತು, ಆಮೆ ಎಳೆಯಿತು. ಸರಪಳಿ ತಡೆಯಿತು. ಜನ ಹೋ ಎಂದರು. ಆಗ ಆಮೆ ತನ್ನ ಬಾಲವನ್ನು ಮಜ್ಜಿಗೆ ಕಡೆಯುವ ಕಡೆಗೋಲಿನ ಹಾಗೆ ಗಿರ್ರನೆ ತಿರುಗಿಸಿತು. ಸರಪಳಿ ಮುರಿ ಬಿದ್ದು, ಗಂಟಾಗಿ, ಕೊಂಡಿಕೊಂಡಿಯೇ ಸಿಡಿದು ಹೋಯಿತು. ದಡ ಇನ್ನಷ್ಟು ದೂರ ಸರಿಯಿತು.

"ಒಂದು!" ಎಂದ ತುಂಡುರಾಯ.

ಸೇವಂತಿ ಆ ಬಾಲವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ರಾಜನ ಮುಂದೆ ಹೋದಳು. "ಒಡೆಯಾ, ಕಬ್ಬಿಣ ಬಗ್ಗುವುದಿಲ್ಲ, ಅದಕ್ಕೇ ಒಡೆಯಿತು. ಅಮ್ಮನ ಮರದ ನಾರಿನ ಹಗ್ಗ ಬೇಕು. ಅದಕ್ಕೆ ಎರಡು ಎಳೆ ಬೇಕು. ಒಂದು ನನ್ನದು."

"ಇನ್ನೊಂದು?" ಎಂದ ರಾಜ.

ಸೇವಂತಿ ಬೆಳ್ಳಕ್ಕಿಯ ಕಡೆಗೆ ತಿರುಗಿದಳು. "ಹೋಗಿ ಹೇಳು ಅವಳಿಗೆ. ನನ್ನ ದಡಕ್ಕೆ ಬರುವುದೇನೂ ಬೇಡ. ಒಂದು ಎಳೆ ಕಳಿಸಲಿ, ಸಾಕು."

ಬೆಳ್ಳಕ್ಕಿ ಹೋಗಿ ಬಂತು. "ಕಳಿಸುತ್ತಾಳಂತೆ. ನಿನ್ನ ಮೇಲಿನ ಪ್ರೀತಿಗಲ್ಲವಂತೆ. ಅವಳ ಕೋಳಿಗೆ ನೀರು ಕಂಡರೆ ಹೆದರಿಕೆಯಂತೆ."

ಸೇವಂತಿ ರಾತ್ರಿ ಬೆಳಗಾಗುವವರೆಗೆ ಹೊಸೆದಳು. ಹೊಸೆಯುವಾಗ ಒಂದು ಯೋಚನೆ ಬಂತು: ಕಡಲಿಗೆ ಹೋಗುತ್ತಿರುವುದು ಅವಳ ದಡ. ಈ ಸಲವಾದರೂ ಅವಳು ಎಡಕ್ಕೆ ತಿರುಗಿಸದೆ ಇರುತ್ತಾಳೆಯೇ? ಹಾಗೆಂದುಕೊಂಡು ತನ್ನ ರೂಢಿಯ ಎಡಮುರಿಯನ್ನೇ ಹೊಸೆದಳು. ಆಚೆ ದಡದಲ್ಲಿ ತುಳಸುವೂ ಯೋಚಿಸಿದಳು: ಬೇಡಿ ಕಳಿಸಿದವಳು ಅವಳು. ಅಮ್ಮ ಹೇಳಿದ್ದು ಅವಳಿಗೆ ನೆನಪಿಲ್ಲದೆ ಇರುತ್ತದೆಯೇ? ಹಾಗೆಂದುಕೊಂಡು ಬಲಮುರಿ ಹೊಸೆದಳು.

ಎರಡನೆಯ ದಿನ ಎಳೆ ದೋಣಿಯಲ್ಲಿ ಬಂತು. ಮುಟ್ಟಿದ ಕೂಡಲೇ ಸೇವಂತಿಯ ಬೆರಳಿಗೆ ಗೊತ್ತಾಯಿತು. ಹೊತ್ತು ಮೀರಿತ್ತು. ಇದ್ದದ್ದನ್ನೇ ಸುತ್ತಿ ಕಟ್ಟಿದರು. ಆಮೆ ಬಾಲ ತಿರುಗಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಒಮ್ಮೆ ಜಗ್ಗಿದ್ದಕ್ಕೇ ಎರಡು ಎಳೆಯೂ ನೆಂಟಸ್ತನ ಮುರಿದವರ ಹಾಗೆ ಬೇರೆಬೇರೆಯಾಗಿ ಬಾಲದಿಂದ ಜಾರಿ ನೀರಿಗೆ ಬಿದ್ದವು.

"ಎರಡು!" ತುಂಡುರಾಯ ನಕ್ಕು ನಕ್ಕು ಅರ್ಧ ಮೀಸೆ ತಿರುವಿದ. "ಇಂಥ ಅಕ್ಕತಂಗಿಯರು ಊರಿಗೊಂದು ಜೋಡಿ ಇದ್ದರೆ ನನಗೆ ಆಮೆಯೇ ಬೇಡ!"

ಊರವರು ಸೇವಂತಿಯನ್ನು ಬೈದರು. ಬೆಳ್ಳಕ್ಕಿ ಕೂಡ, "ಇನ್ನು ಮೇಲೆ ನಿಮ್ಮ ಮಾತು ಹೊರುವುದಿಲ್ಲ. ಕೊಕ್ಕು ಕಹಿಯಾಗಿದೆ" ಎಂದು ಹಾರಿಹೋಯಿತು.

ಸೇವಂತಿ ನೀರಿಗಿಳಿದು ಆ ಎರಡು ಎಳೆಗಳನ್ನು ಎಳೆದು ಕುದ್ರುವಿನ ಮೇಲೆ ಹಾಕಿದಳು. ಅಕ್ಕನ ಎಳೆ ಅವಳ ಮಡಿಲಲ್ಲಿತ್ತು. ಬಿಗಿ, ಸಮ, ಎಲ್ಲೂ ಒಂದು ಗಂಟಿಲ್ಲ. ಚಿಕ್ಕಂದಿನಲ್ಲಿ ಇದೇ ಎಳೆಯ ತುದಿಯನ್ನು ಕಾಲ್ಬೆರಳಲ್ಲಿ ಹಿಡಿದು ಕೂರುತ್ತಿದ್ದದ್ದು, ಅಕ್ಕ ಹೊಸೆಯುತ್ತ ಹೊಸೆಯುತ್ತ ಹಿಂದೆ ಹಿಂದೆ ಹೋಗುತ್ತಿದ್ದದ್ದು, ದೂರವಾದಷ್ಟೂ ಎಳೆ ಉದ್ದವಾಗುತ್ತಿದ್ದದ್ದು ನೆನಪಾಯಿತು. ಆಗ ದೂರ ಹೋದವಳು ಹಗ್ಗ ಕೂಡಿಸಲಿಕ್ಕೆ ಎದುರಿಗೆ ಬಂದೇ ಬರುತ್ತಿದ್ದಳು.

"ನಾನೇ ತಿರುಗಿಸುತ್ತೇನೆ" ಎಂದು ಮರಕ್ಕೆ ಹೇಳಿದಳು. "ಕೈ ಹೋದರೆ ಹೋಗಲಿ."

ಹೊಸ ನಾರು ತೆಗೆದು ಕೂತಳು. ಮುಂದಕ್ಕೆ ನೂಕಬೇಡವೇ, ನಿನ್ನ ಕಡೆಗೆ ಎಳೆದು ಹೊಸೆ. ಮಣಿಕಟ್ಟು ಊದಿತು, ಬಿಡಲಿಲ್ಲ. ಅಂಗೈ ಸುಲಿಯಿತು, ಬಿಡಲಿಲ್ಲ. ಮೂರನೆಯ ದಿನದ ಬಿಸಿಲೇರುವ ಹೊತ್ತಿಗೆ ಬಲಮುರಿಯ ಎಳೆ ಒಂದು ಗುಡ್ಡೆ ಬಿತ್ತು.

ಇನ್ನು ಅಕ್ಕನ ಹಳೆಯ ಎಳೆಗೆ ಇದನ್ನು ಸೇರಿಸಬೇಕು. ಸೇರಿಸಲು ಎದುರುಬದುರು ಇಬ್ಬರು ಬೇಕು. ಯಾರನ್ನು ಕರೆಯಲಿ ಎಂದು ಸೇವಂತಿ ತಲೆಯೆತ್ತುತ್ತಾಳೆ, ಕಡಲ ಕಡೆಯಿಂದ ಒಂದು ದೋಣಿ ಬರುತ್ತಿದೆ. ಹುಟ್ಟು ಹಾಕುತ್ತಿರುವವಳು ತುಳಸು. ಕೂದಲು ನೆರೆತಿದೆ. ದೋಣಿಯ ತುಂಬ ಹೊಸ ಎಳೆ, ಅದರ ಮೇಲೆ ಕೋಳಿ.

ತುಳಸು ಕುದ್ರು ಹತ್ತಿದಳು. ತನ್ನ ಎಳೆಯ ತುದಿ ಚಾಚಿದಳು. ಸೇವಂತಿ ತನ್ನದನ್ನು ಚಾಚಿದಳು. ಇಬ್ಬರ ಬೆರಳೂ ಒಟ್ಟಿಗೇ ನಿಂತವು.

ಅಕ್ಕ ತಂದದ್ದು ಎಡಮುರಿ. ತಂಗಿ ಹಿಡಿದದ್ದು ಬಲಮುರಿ.

"ಎಲಾ ಇವಳಾ!" ಎಂದಳು ತುಳಸು. "ತಿರುಗಿಸು ಅಂತ ನಿನಗೆ ಯಾರೇ ಹೇಳಿದ್ದು?"

"ನಿನಗೆ ಯಾರು ಹೇಳಿದ್ದು?"

"ಹುಟ್ಟಿದಾಗಿನಿಂದ ಮಾತು ಕೇಳದವಳು, ಇವತ್ತೇ ಕೇಳಬೇಕಾಗಿತ್ತೇ ಮಾರಾಯ್ತಿ? ನೋಡಿಲ್ಲಿ ನನ್ನ ಕೈ!"

ಅವಳ ಅಂಗೈಯೂ ಸುಲಿದಿತ್ತು. ಸೇವಂತಿ ಆ ಕೈ ನೋಡಿದಳು, ತನ್ನ ಕೈ ನೋಡಿದಳು. ಮೊದಲು ಅಳು ಬಂತು, ಅದು ಗಂಟಲು ದಾಟುವಷ್ಟರಲ್ಲಿ ನಗುವಾಯಿತು. ತುಳಸುವೂ ನಕ್ಕಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಮರಳ ಮೇಲೆ ಕೂತು ನಕ್ಕರು.

"ಅಕ್ಕಾ, ತಿರುಗಿಸಿ ಹೊಸೆಯುವುದು ಎಷ್ಟು ಕಷ್ಟ ಅಂತ ನಿನಗೆ..."

"ಗೊತ್ತಾಯಿತು ಕಣೇ. ನಿನ್ನೆ ಗೊತ್ತಾಯಿತು" ಎಂದಳು ತುಳಸು. ಆಮೇಲೆ ಮೆಲ್ಲಗೆ, "ಅಮ್ಮ ಇದ್ದಾಗಲೇ ಗೊತ್ತಾಗಬೇಕಿತ್ತು" ಎಂದಳು.

ಅಷ್ಟರಲ್ಲಿ ಕಡಲು ಉಬ್ಬತೊಡಗಿತು. ತುಳಸು ದಡಬಡನೆ ಎದ್ದಳು. "ನನ್ನ ಹಳೆಯ ಬಲಮುರಿ ಇಲ್ಲೇ ಇದೆಯಲ್ಲ. ನಿನ್ನ ಹೊಸದಕ್ಕೆ ಅದು ಜೊತೆ. ಬೇಗ, ಒಂದು ಹಗ್ಗವಾದರೆ ಸಾಕು."

"ಒಂದು ಸಾಲದು ಅಕ್ಕಾ. ಆ ಬಾಲ ನೋಡಿದೆಯಲ್ಲ, ಕಡೆಗೋಲು! ಬಲಮುರಿಯಾದರೆ ಎಡಕ್ಕೆ ತಿರುಗಿಸಿ ಬಿಚ್ಚುತ್ತದೆ. ಎಡಮುರಿಯಾದರೆ ಬಲಕ್ಕೆ ತಿರುಗಿಸಿ ಬಿಚ್ಚುತ್ತದೆ." ಸೇವಂತಿ ಮರಳ ಮೇಲಿನ ನಾಲ್ಕೂ ಎಳೆ ತೋರಿಸಿದಳು. "ಎರಡು ಬಲ, ಎರಡು ಎಡ ಇವೆ. ಎರಡು ಹಗ್ಗ ಮಾಡೋಣ. ಎರಡನ್ನೂ ಒಟ್ಟಿಗೆ ಕಟ್ಟೋಣ. ಅದು ಯಾವ ಕಡೆಗೆ ತಿರುಗಿಸುತ್ತದೋ ನೋಡಿಯೇಬಿಡೋಣ."

ತುಳಸು ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಡಚಿಗೆ ತಲೆ ಇದೆ" ಎಂದಳು.

ಎದುರುಬದುರು ನಿಂತರು. ದೂರದಿಂದ ಹೊಸೆಯುತ್ತ ಹತ್ತಿರ ಬಂದರು, ಒಂದು ಹಗ್ಗವಾಯಿತು. ಮತ್ತೆ ದೂರ ಹೋದರು, ಹೊಸೆಯುತ್ತ ಹತ್ತಿರ ಬಂದರು, ಇನ್ನೊಂದು ಹಗ್ಗವಾಯಿತು. ಎರಡನ್ನೂ ಅಮ್ಮನ ಮರಕ್ಕೆ ಬಿಗಿದು, ದೋಣಿಯಲ್ಲಿ ಹೋಗಿ ಆಮೆಯ ಬಾಲಕ್ಕೆ ಸುತ್ತಿ ಗಂಟು ಹಾಕಿದರು. ಬಲಗೈಯ ಗಂಟೊಂದು, ಎಡಗೈಯ ಗಂಟೊಂದು.

ಆಮೆ ಎಳೆಯಿತು. ಹಗ್ಗ ತಡೆಯಿತು. ಆಮೆ ಬಾಲವನ್ನು ಎಡಕ್ಕೆ ತಿರುಗಿಸಿತು. ಬಲಮುರಿ ಸಡಿಲಿತು, ಎಡಮುರಿ ಬಿಗಿಯಿತು. ಬಲಕ್ಕೆ ತಿರುಗಿಸಿತು. ಎಡಮುರಿ ಸಡಿಲಿತು, ಬಲಮುರಿ ಬಿಗಿಯಿತು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ! ಕಡಲು ಮಜ್ಜಿಗೆಯ ಹಾಗೆ ನೊರೆಯೆದ್ದಿತು. ಕುದ್ರುವಿನ ಮರ ಬಿಲ್ಲಿನಂತೆ ಬಾಗಿತು. ಅಕ್ಕತಂಗಿಯರು ಮರವನ್ನು ಎರಡು ಕಡೆಯಿಂದ ತಬ್ಬಿ ಹಿಡಿದರು. ತಬ್ಬಿದ ಕೈಗೆ ಕೈ ಸಿಕ್ಕಿತು, ಸಿಕ್ಕಿದ್ದನ್ನು ಬಿಡಲಿಲ್ಲ.

"ಎಳೆಯೋ!" ಎಂದು ತುಂಡುರಾಯ ಬೊಬ್ಬೆ ಹೊಡೆದ.

ಆಮೆ ನಿಂತಿತು. ಕತ್ತು ಹಿಂದಕ್ಕೆ ತಿರುಗಿಸಿತು. "ನನಗೆ ತಲೆ ಸುತ್ತುತ್ತಿದೆ" ಎಂದಿತು. ಬಡಗಣ ದಡವನ್ನು ಹೊತ್ತು ತಂದ ದಾರಿಯಲ್ಲೇ ಹಿಂದೆ ಹಿಂದೆ ಬಂದು, ಇದ್ದ ಜಾಗದಲ್ಲಿ ಇಳಿಸಿ, ನೀರಿನೊಳಗೆ ಮಲಗಿಬಿಟ್ಟಿತು. ಒಂದು ಬಾವಿಯ ನೀರೂ ತುಳುಕಲಿಲ್ಲ.

ಮೂರನೆಯ ಎಳೆತ ತಪ್ಪಿತಲ್ಲ, ತುಂಡುರಾಯನ ಮಾಯೆ ಕಳಚಿತು. ಅವನು ನಡುವೆ ಸೀಳಿ ಎರಡಾದ. ಒಂದು ತುಂಡು "ತಪ್ಪು ನಿನ್ನದು" ಎಂದಿತು, ಇನ್ನೊಂದು "ನಿನ್ನದೇ" ಎಂದಿತು. ಹಾಗೇ ಜಗಳವಾಡುತ್ತ ಕಡಲ ನೊರೆಯಲ್ಲಿ ಕರಗಿಹೋದವು. ಅವನ ಅರಮನೆಯ ಅರ್ಧಗಳೆಲ್ಲ ನೀರಿನ ಮೇಲೆ ತೇಲುತ್ತ ತಮ್ಮತಮ್ಮ ಊರಿಗೆ ಹೊರಟವು. ಅರ್ಧ ಸೇತುವೆ ತನ್ನ ಅರ್ಧವನ್ನು ಸೇರಿತು, ಅರ್ಧ ತೊಟ್ಟಿಲು ತನ್ನ ಅರ್ಧವನ್ನು ಸೇರಿ ಮತ್ತೆ ತೂಗಿತು.

ತುಳಸು ಮತ್ತು ಸೇವಂತಿ ಕುದ್ರುವಿನ ಮೇಲೆ ಒಂದೇ ಮನೆ ಕಟ್ಟಿದರು. ಜಗಳ ನಿಲ್ಲಲಿಲ್ಲ. ಸಾರಿಗೆ ಉಪ್ಪು ಸಾಲದೆಂದು ಒಬ್ಬಳು, ಹೆಚ್ಚಾಯಿತೆಂದು ಒಬ್ಬಳು. ಬೆಳ್ಳಕ್ಕಿ ಮಾತ್ರ ಕೆಲಸವಿಲ್ಲದೆ ತಾನೇ ಮೀನು ಹಿಡಿಯುವುದನ್ನು ಕಲಿಯಿತು. ರಾಜನ ಹಡಗುಗಳೆಲ್ಲ ಅವರ ಹಗ್ಗದಲ್ಲೇ ನಿಂತವು, ಒಂದು ಬಲಮುರಿ, ಒಂದು ಎಡಮುರಿ. ಎರಡು ದಡದವರೂ ಸುಖವಾಗಿದ್ದರು. ಆಮೆಯೂ ಸುಖವಾಗಿತ್ತು. ಹಗ್ಗ ಹೊಸೆಯುವ ಕಾಲ ಬಂದಾಗ ಊರ ಹೆಂಗಸರು ಇಬ್ಬಿಬ್ಬರಾಗಿ ಎದುರುಬದುರು ನಿಂತು, ಹೊಸೆಯುತ್ತ ಹತ್ತಿರ ಬರುತ್ತ ಕೂಗುತ್ತಿದ್ದ ಮಾತು ಇಂದಿಗೂ ಆ ಕಡಲದಂಡೆಯಲ್ಲಿ ಕೇಳುತ್ತದೆ: ಕೂಡುಹುರಿ, ಕೂಡುಹುರಿ...

ಕೂಡುಹುರಿ! ಅದೇ, ಅದೇ ಮಾತು! ಪಮ್ಮೂ, ಪೆನ್ಸಿಲ್ ತಗೋ, ಮರೆಯುವ ಮೊದಲು ಬರೆದಿಡು. ಬರೀ ಹುರಿ ಅಂತ ಬರೆಯಬೇಡ ಮತ್ತೆ. ಪೂರ್ತಿ ಬರಿ ಮಗಾ, ಅರ್ಧ ಬಿಟ್ಟರೆ ತುಂಡುರಾಯ ಬಂದಾನು.