ಸೆವೆನ್ ಬಿ ವೆಬ್‌ಸೈಟಿನ ವಿಳಾಸ

ಆ ಸೋಮವಾರ ಕುಂದಲಹಳ್ಳಿಯ ಶಾಲೆಯೊಂದರ ಏಳನೇ ತರಗತಿ ಬಿ ವಿಭಾಗ ಘನಗಂಭೀರ ಪ್ರಶ್ನೆಯೊಂದನ್ನು ವಿಚಾರಣೆಗೆ ಎತ್ತಿಕೊಂಡಿತ್ತು: ಸುಳ್ಳು ಹೇಳಿದ್ದು ಯಮುನಾಳೋ, ನಂದೀಶನೋ? ಇಬ್ಬರಲ್ಲಿ ಒಬ್ಬರು ಹೇಳಿರಲೇಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

“ವೆಬ್‌ಸೈಟೇ ಇಲ್ಲ ಕಣ್ರೋ. ಬರೀ ಬಿಲ್ಡಪ್ಪು,” ಎಂದ ನಂದೀಶ.

“ಇದೆ. ದಿನಾ ನೋಡ್ತೀನಿ ನಾನು,” ಎಂದಳು ಯಮುನಾ. “ನೀನು ಅಡ್ರೆಸ್ ತಪ್ಪು ಹೊಡೆದಿರ್ತೀಯ. ಇಲ್ಲಾಂದ್ರೆ ಸೈಬರ್ ಸೆಂಟರ್‌ಗೆ ಹೋಗೇ ಇಲ್ಲ.”

ನಂದೀಶ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ತೋರಿಸಿದ. ‘ಲೋಕಲ್‌ಹೋಸ್ಟ್ ಸ್ಲ್ಯಾಶ್ ಸೆವೆನ್ ಬಿ’. ತಾನು ಮಾಡಿದ ತರಗತಿಯ ವೆಬ್‌ಸೈಟಿನದೆಂದು ಶನಿವಾರ ಯಮುನಾಳೇ ಕ್ಲಾಸಿಗೆಲ್ಲ ಬರೆಸಿದ್ದ ವಿಳಾಸ. ಒಂದಕ್ಷರವೂ ತಪ್ಪಿರಲಿಲ್ಲ.

“ಅಮ್ಮನ್ನೂ ಕರ್ಕೊಂಡು ಹೋಗಿದ್ದೆ,” ಎಂದ. ನೋಟ್‌ಬುಕ್ ಮುಚ್ಚಿಟ್ಟ.

ಅವನ ಅಮ್ಮ ವೆಂಕಟಮ್ಮನವರಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ವಾರಕ್ಕೊಂದೇ ರಜೆ. ನಂದೀಶ ಬರೆದ ಕೆರೆಯ ಚಿತ್ರವನ್ನು ಯಮುನಾ ಸ್ಕ್ಯಾನ್ ಮಾಡಿಸಿ ವೆಬ್‌ಸೈಟಿಗೆ ಸೇರಿಸಿದ್ದಳು. ಅದನ್ನು ನೋಡಲೆಂದು ಅವರು ಆ ಒಂದು ರಜೆಯಲ್ಲಿ ಮಗನ ಹಿಂದೆ ಹೊರಟಿದ್ದರು.

ಸಂಜೆ ಯಮುನಾ ತಮ್ಮ ಮನೆಯ ಮಹಡಿ ಹತ್ತಿದಳು. ಅಲ್ಲಿ ಬಾಡಿಗೆಗಿದ್ದ ಶಾಂತಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಯಮುನಾಳ ಕಂಪ್ಯೂಟರಿಗೆ ‘ಸರ್ವರ್’ ಎಂಬ ಪ್ರೋಗ್ರಾಂ ಹಾಕಿ, ಪುಟಗಳ ಫೋಲ್ಡರ್ ಎಲ್ಲಿಡಬೇಕು, ಸ್ಟಾರ್ಟ್ ಎಲ್ಲಿ ಒತ್ತಬೇಕು, ಯಾವ ವಿಳಾಸ ಹೊಡೆಯಬೇಕು ಎಂದು ಹೇಳಿಕೊಟ್ಟವಳು ಅವಳೇ.

“ಅಕ್ಕ, ನನ್ನ ವೆಬ್‌ಸೈಟು ಬೇರೆಯವರಿಗೆ ಯಾಕೆ ಕಾಣಲ್ಲ?”

“ಬೇರೆಯವರಿಗಾ? ಯಾರಿಗೆ ಅಡ್ರೆಸ್ ಕೊಟ್ಟೆ?”

“ನಲವತ್ತೆರಡು ಜನಕ್ಕೆ.”

ಶಾಂತಿ ಟೀ ಲೋಟ ಕೆಳಗಿಟ್ಟಳು. “ನಿನ್ನ ಅಡ್ರೆಸ್ ಇಲ್ಲಿ ಹೊಡಿ ನೋಡೋಣ,” ಎಂದು ತನ್ನ ಲ್ಯಾಪ್‌ಟಾಪ್ ತಿರುಗಿಸಿದಳು.

ಯಮುನಾ ಹೊಡೆದಳು. ‘ಪುಟ ಸಿಗಲಿಲ್ಲ’ ಎಂದು ಇಂಗ್ಲಿಷಿನಲ್ಲಿ ಬಂತು.

“ಲೋಕಲ್‌ಹೋಸ್ಟ್ ಅಂದ್ರೆ ‘ಇದೇ ಕಂಪ್ಯೂಟರ್’ ಅಂತ ಅಷ್ಟೇ ಕಣೇ. ಎಲ್ಲಿ ಹೊಡಿತೀವೋ ಅದರೊಳಗೇ ಹುಡುಕುತ್ತೆ. ಮೊದಲು ನಮ್ಮ ಮಷೀನಲ್ಲೇ ಇಟ್ಕೊಂಡು ತಪ್ಪೆಲ್ಲ ಸರಿ ಮಾಡ್ಕೋತೀವಿ. ಇಂಟರ್‌ನೆಟ್‌ಗೆ ಹಾಕೋದು ಆಮೇಲೆ. ನಿಂದಿನ್ನೂ ಹಾಕೇ ಇಲ್ಲ. ನಾನೂ ಹೇಳೋದು ಮರೆತೆ.”

“ಈಗ ಹಾಕೋಣ್ವಾ?”

“ಅದಕ್ಕೆ ದುಡ್ಡು ಕೊಟ್ಟು ಇಂಟರ್‌ನೆಟ್‌ನಲ್ಲಿ ಹೆಸರು ತಗೋಬೇಕು, ಜಾಗ ತಗೋಬೇಕು. ನಿನ್ನ ಪರೀಕ್ಷೆ ಮುಗೀಲಿ.”

ಯಮುನಾ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತಳು. ಸೈಬರ್‌ನ ಕಂಪ್ಯೂಟರು ತನ್ನ ಹೊಟ್ಟೆಯೊಳಗೆಲ್ಲ ಪ್ರಾಮಾಣಿಕವಾಗಿ ಹುಡುಕಿ ಇಲ್ಲ ಎಂದಿತ್ತು. ಕೆರೆ ಇದ್ದದ್ದು ಇವಳ ಮನೆಯ ಹಾಲ್‌ನ ಮೂಲೆಯ ಕಂಪ್ಯೂಟರಿನಲ್ಲಿ. ನಂದೀಶ ಎರಡು ಸಲ ಹೊಡೆದಿರಬಹುದು. ಮೂರು ಸಲವೂ ಇರಬಹುದು. ಪಕ್ಕದಲ್ಲಿ ಅಮ್ಮ ಕಾದಿರಬಹುದು. ಅಷ್ಟಾದ ಮೇಲೆ ‘ಹೋಗೇ ಇಲ್ಲ’ ಎಂದು ಇವಳು ಎಲ್ಲರೆದುರು ಹೇಳಿದ್ದಳು.

ಮರುದಿನ ಪ್ರಾರ್ಥನೆ ಮುಗಿದು ಮಿಸ್ ಬರುವ ಮೊದಲೇ ಯಮುನಾ ಎದ್ದು ನಿಂತಳು.

“ನಂದೀಶ ಸರಿಯಾಗೇ ಹೊಡೆದಿದ್ದ. ನಾನು ಕೊಟ್ಟ ಅಡ್ರೆಸ್ ನಮ್ಮನೇಲಿ ಮಾತ್ರ ಓಪನ್ ಆಗುತ್ತೆ.”

“ಒಂದೇ ಮನೇಲಿ ಕಾಣೋ ವೆಬ್‌ಸೈಟ್ ಎಂಥದು ಗುರು?” ಎಂದಿತು ಹಿಂದಿನ ಬೆಂಚು. ಎಲ್ಲರೂ ನಕ್ಕರು. ಅವಳು ಕೂರಲಿಲ್ಲ. ನಗು ನಿಲ್ಲುವವರೆಗೆ ಕಾದು ನಂದೀಶನ ಬೆಂಚಿಗೆ ಹೋದಳು.

“ನೀರಿನ ಟ್ಯಾಂಕಿನ ಎದುರು, ಭದ್ರಮ್ಮನ ಮನೆ ಅಂತ ಕೇಳು. ನಮ್ಮಜ್ಜಿ ಹೆಸರು. ಭಾನುವಾರ ಅಮ್ಮನ್ನ ಕರ್ಕೊಂಡು ಬಾ.”

ನಂದೀಶ ಯೋಚಿಸಿದ. “ಕರೆಂಟ್ ಇರುತ್ತಾ?”

“ಬೆಳಿಗ್ಗೆ ಇರುತ್ತೆ.”

ಭಾನುವಾರ ಹನ್ನೊಂದಕ್ಕೆ ವೆಂಕಟಮ್ಮನವರು ಮಗನ ಜೊತೆ ಬಂದರು. ಕಂಪ್ಯೂಟರ್ ಆನ್ ಆಗಲು ನಾಲ್ಕು ನಿಮಿಷ ಹಿಡಿಯಿತು. ಅವರು ಕೆರೆಯನ್ನು ಎರಡು ಸಲ ನೋಡಿ, ಕಾಫಿ ಕುಡಿದು ಹೋದರು.