ಏಳು ಮೊದಲೋ, ನಾಲ್ಕು ಮೊದಲೋ

ಪ್ಲಮ್ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಪೊಲೀಸ್ ಅಧಿಕಾರಿ ಹ್ಯೂಟನ್‌ರೌಖ್ ಹದಿನಾಲ್ಕು ಲಕೋಟೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಾಗ, ರೋಸ್ವಿತಾ ಕಾಫಿ ಬಗ್ಗಿಸುತ್ತಿದ್ದಳು. ಒಂದಿಷ್ಟು ಕಾಫಿ ಬಿಳಿಯ ಮೇಜುಬಟ್ಟೆಯ ಮೇಲೆ ಚೆಲ್ಲಿಯೇ ಹೋಯಿತು.

"ನೋಡಿದ್ರಾ ಸಾಹೇಬ್ರೇ? ಮೂವತ್ತು ವರ್ಷ ಆಯ್ತು ಈ ಮನೆಗ್ ಬಂದು. ಇನ್ನೂ ಕಾಫಿ ಬಗ್ಗಿಸೋಕ್ ಬರಲ್ಲ. ಅಂಚೆ ಠಸ್ಸೆ ಗುದ್ದೋ ಕೈಯಲ್ವಾ!" ಅತ್ತೆ ಓಟಿಲೀ ನಕ್ಕಳು. ಎಂಬತ್ತಮೂರರ ಮುದುಕಿ. ಸೊಸೆಯನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಬಂದವರ ಮುಂದೆಯೂ 'ನಮ್ಮನೆ ಅಂಚೆಯವಳು' ಎಂದೇ ಹೇಳುತ್ತಿದ್ದಳು.

"ಆ ಅಂಚೆ ಕೈಯೇ ನನಗೆ ಬೇಕಾಗಿರೋದು ಅಜ್ಜಿ," ಎಂದ ಅಧಿಕಾರಿ. "ಹಳೇ ಕಡತ ಇದು. ಎಪ್ಪತ್ತೊಂಬತ್ತರ ನವೆಂಬರ್‌ನಲ್ಲಿ, ಮಂಜಲ್ಲಿ ಸೈಕಲ್ ಮೇಲೆ ಹೋಗ್ತಿದ್ದ ಹುಡುಗಿಗೆ ಯಾರೋ ಕಾರು ಗುದ್ದಿ ಓಡಿಹೋದ್ರು. ಗೇರ್ಲಿಂಡ್ ಅಂತ, ಹತ್ತೊಂಬತ್ತು ವರ್ಷ. ಆವತ್ತಿಂದ ಅವಳ ತಾಯಿ ಟೆಕ್ಲಾಗೆ ಪ್ರತಿ ನವೆಂಬರ್ ಒಂದು ಕಾಗದ ಬರುತ್ತೆ. ಕಳಿಸಿದೋರ ಹೆಸರಿಲ್ಲ. ಒಂದೇ ಸಾಲು: 'ಅವಳು ಒಂಟಿಯಾಗಿರಲಿಲ್ಲ.' ಆ ತಾಯಿ ಈಗ ಹಾಸಿಗೆ ಹಿಡಿದಿದ್ದಾಳೆ. ಯಾರಿಗೂ ಶಿಕ್ಷೆ ಬೇಡವಂತೆ. 'ಕೊನೇಲಿ ನನ್ ಮಗಳು ಏನಂದ್ಲು, ಅಷ್ಟ್ ಹೇಳ್ಸಿ' ಅಂತಾಳೆ."

ರೋಸ್ವಿತಾಳ ಗಂಡ ಎಕ್ಕೆಹಾರ್ಡ್ ತನ್ನ ಪಾಲಿನ ಕೇಕನ್ನು ಬೆರಳಲ್ಲಿ ಪುಡಿ ಮಾಡುತ್ತಲೇ ಇದ್ದ. ಒಂದು ಚೂರೂ ಬಾಯಿಗೆ ಹೋಗಲಿಲ್ಲ.

"ಹದಿನಾಲ್ಕು ಠಸ್ಸೆ, ಹದಿನಾಲ್ಕು ಊರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಾಣಲ್ಲ," ಎಂದು ಅಧಿಕಾರಿ ಕೊನೆಯ ಲಕೋಟೆಯನ್ನು ಮುಂದೆ ತಳ್ಳಿದ. "ಇದೊಂದು ಮಾತ್ರ ದಾರಿ ತಪ್ಪಿದೆ. ಊರಿನ ಅಂಚೆ ಸಂಖ್ಯೆ ತಪ್ಪು. ಯಾರೋ ನೀಲಿ ಪೆನ್ಸಿಲಲ್ಲಿ ತಿದ್ದಿದಾರೆ. ಯಾರ ಗುರುತಮ್ಮಾ ಇದು?"

"...ನಂದೇ."

"ಏನಾದ್ರೂ ನೆನಪಿದ್ಯಾ?"

"ದಿನಕ್ಕೆ ನೂರಾರು ಬರ್ತಾವೆ ಸಾಹೇಬ್ರೇ..." ಎಂದಳು. ಕಿವಿಯ ತುದಿಯವರೆಗೂ ನಾಚಿಕೆ ಸುಟ್ಟಿತು. ಇಪ್ಪತ್ತಾರು ವರ್ಷ ದಿಕ್ಕು ತಪ್ಪಿದ ಕಾಗದಗಳ ಮೇಜಿನಲ್ಲಿ ಕುಳಿತವಳು, ಒಂದು ಲಕೋಟೆಯನ್ನೂ ಸುಳ್ಳು ವಿಳಾಸಕ್ಕೆ ಕಳಿಸಿರಲಿಲ್ಲ. ಇಂದು ತನ್ನ ಬಾಯಿಂದಲೇ ಸುಳ್ಳು ಹೊರಟಿತು!

ನೆನಪಿಲ್ಲದೆ ಏನು! ಕಳೆದ ಬೇಸಿಗೆಯಲ್ಲಿ ದೇಶಕ್ಕೆಲ್ಲ ಐದು ಅಂಕಿಯ ಹೊಸ ಅಂಚೆ ಸಂಖ್ಯೆಗಳು ಬಂದಾಗ, ಇದೇ ಮೇಜಿನಲ್ಲಿ ಅತ್ತೆ ಕೇಳಿದ್ದಳು: "ಏ ಅಂಚೆಯವಳೇ, ಪಟ್ಟಣದ ಗಿರಣಿ ಬೀದಿಗೆ ಹೊಸ ಸಂಖ್ಯೆ ಏನು ನೋಡು. ನಮ್ಮ ಸಂಘದವಳೊಬ್ಬಳು ಕಾಯಿಲೆ ಬಿದ್ದಿದಾಳೆ." ರೋಸ್ವಿತಾ ದಪ್ಪ ಪುಸ್ತಕ ತೆಗೆದು ಓದಿದ್ದಳು; ಕೊನೆಯ ಎರಡಂಕಿ ನಲವತ್ತೇಳು. ಆ ದೇಶದವರ ಬಾಯಲ್ಲಿ ಬಿಡಿ ಅಂಕಿ ಮೊದಲು, ಹತ್ತರದು ಆಮೇಲೆ: ನಲವತ್ತೇಳನ್ನು 'ಏಳು-ನಲವತ್ತು' ಅನ್ನುತ್ತಾರೆ. ಕೇಳಿದ ಹಾಗೇ ಬರೆದರೆ ಅದು ಎಪ್ಪತ್ತನಾಲ್ಕು. ಅತ್ತೆ ಹಾಗೇ ಬರೆದುಕೊಂಡಳು. "ಒಂದೊಂದೇ ಅಂಕಿ ಹೇಳ್ತೀನಿ, ಬರ್ಕೊಳ್ಳಿ," ಎಂದರೆ, "ನಂಗೆ ಎಣಿಸೋದು ಕಲಿಸ್ತೀಯಾ?" ಎಂದು ಪುಸ್ತಕ ಮುಚ್ಚಿಸಿದ್ದಳು.

ನವೆಂಬರ್‌ನಲ್ಲಿ ಆ ಎಪ್ಪತ್ತನಾಲ್ಕು ಅಂಚೆ ಕಚೇರಿಯಲ್ಲಿ ರೋಸ್ವಿತಾಳ ಮೇಜಿಗೇ ಬಂದು ಬಿತ್ತು. ಗಿರಣಿ ಬೀದಿ, ಟೆಕ್ಲಾ. ಈ ಸೀಮೆಯಲ್ಲಿ ಆ ಹೆಸರು ಅರಿಯದವರು ಯಾರು? ಠಸ್ಸೆಯಲ್ಲಿದ್ದದ್ದು ಎಲ್ಸ್‌ಟಾಲ್ ಊರು. ಅದರ ಹಿಂದಿನ ದಿನವಷ್ಟೇ ಚರ್ಚಿನ ಹೆಂಗಸರ ಬಸ್ಸಿನಲ್ಲಿ ಅತ್ತೆ ಅಲ್ಲಿಗೆ ಹೋಗಿ ಶುಂಠಿ ಬಿಸ್ಕತ್ತು ತಂದಿದ್ದಳು. ಪ್ರತಿ ನವೆಂಬರ್ ಹೊಸದೊಂದು ಊರು. ದಾರಿಯ ರೊಟ್ಟಿ ಕಟ್ಟಿಕೊಡುವವಳು ರೋಸ್ವಿತಾ! ಎಪ್ಪತ್ತೊಂಬತ್ತರಲ್ಲಿ ಕಾರಿನ ಮೂತಿ ಜಜ್ಜಿದ್ದೂ ನೆನಪಿತ್ತು. "ಜಿಂಕೆ ಅಡ್ಡ ಬಂತು," ಎಂದಿದ್ದ ಗಂಡ. ಅವಳು ಕೇಳಲಿಲ್ಲ... ಕೇಳಬಾರದೆಂದೇ ಕೇಳಲಿಲ್ಲ. ಲಕೋಟೆಯನ್ನೂ ಹಾಗೆಯೇ ತಿದ್ದಿ ಮುಂದಕ್ಕೆ ಕಳಿಸಿ, ಸುಮ್ಮನಾದಳು.

"ಸೋಮವಾರ ಬರ್ತೀನಿ, ಯೋಚನೆ ಮಾಡಿ," ಎಂದು ಅಧಿಕಾರಿ ಹೊರಟುಹೋದ. ಬಾಗಿಲು ಮುಚ್ಚಿತು.

"ಅತ್ತೆ," ಎಂದಳು ರೋಸ್ವಿತಾ, "ಆ ಹುಡುಗಿ ಏನಂದ್ಲು?"

ಮುದುಕಿಯ ಮುಖ ಸುಣ್ಣವಾಯಿತು. "ಏನ್ ಮಾತಾಡ್ತಿದೀಯ ಅಂಚೆ—"

"ನಂಗೆ ನವೆಂಬರ್‌ನಲ್ಲೇ ಗೊತ್ತಾಯ್ತು. ನಿಮ್ಮ ಎಪ್ಪತ್ತನಾಲ್ಕು ನಾನೇ ತಿದ್ದಿದ್ದು. ತಿದ್ದಿ ಬಾಯಿ ಮುಚ್ಕೊಂಡೆ. ನಾನೇನು ನಿಮಗಿಂತ ಮೇಲಲ್ಲ."

ಎಕ್ಕೆಹಾರ್ಡ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನಾನು ಓಡಿಸ್ತಿದ್ದೆ ರೋಸ್ವಿತಾ... ಅಮ್ಮ ಪಕ್ಕದಲ್ಲಿದ್ಲು. ನಾನು ಇಳೀಲೇ ಇಲ್ಲ... ಇಳೀಲೇ ಇಲ್ಲ ಕಣೇ!"

"ನಾನು ಇಳಿದೆ," ಎಂದಳು ಓಟಿಲೀ. ಸ್ವರ ಪಾತಾಳದಿಂದ ಬಂದಂತಿತ್ತು. "ತಲೆ ತೊಡೆ ಮೇಲಿಟ್ಕೊಂಡೆ. ನನ್ನನ್ನೇ ಅಮ್ಮ ಅನ್ಕೊಂಡ್ಲು. 'ಅಮ್ಮಾ, ಚಳಿ ಆಗ್ತಿದೆ. ಸೈಕಲ್ ಹಾಳಾಯ್ತು, ಬೈಬೇಡ' ಅಂದ್ಲು. 'ಬೈಯಲ್ಲ ಮಗಳೇ' ಅಂದೆ... ಅಷ್ಟೇ, ಹೋಗ್ಬಿಟ್ಲು. ಆಮೇಲೆ ನನ್ ಮಗನ್ನ ಉಳಿಸ್ಕೊಂಡೆ. ಆವತ್ತಿಂದ ನಿನ್ ಕಣ್ಣಿಗೆ ಕಣ್ಣಿಟ್ಟು ನೋಡೋಕಾಗ್ಲಿಲ್ಲ. ಅದಕ್ಕೇ ಮೊದಲಿಗಿಂತ್ಲೂ ಹೆಚ್ಚು ಬೈತಾ ಬಂದೆ."

ಮೂವರೂ ಅತ್ತರು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಸಮಾಧಾನ ಹೇಳುವ ಮುಖ ಯಾರಿಗೂ ಉಳಿದಿರಲಿಲ್ಲ.

ಕೊನೆಗೆ ಮುದುಕಿ ಕಣ್ಣೊರೆಸಿಕೊಂಡು ಕಾಗದ ತರಿಸಿದಳು. ಹುಡುಗಿಯ ಮಾತನ್ನು ಒಂದಕ್ಷರ ಬಿಡದೆ ಬರೆದಳು. ಲಕೋಟೆಯ ಮೇಲೆ ಗಿರಣಿ ಬೀದಿ ಎಂದು ಬರೆದು, ಪೆನ್ನು ನಿಲ್ಲಿಸಿದಳು.

"ರೋಸ್ವಿತಾ," ಎಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ! "ಒಂದೊಂದೇ ಹೇಳಮ್ಮ."

ರೋಸ್ವಿತಾ ಒಂದೊಂದೇ ಹೇಳಿದಳು. "...ನಾಲ್ಕು... ಏಳು."

ಎಕ್ಕೆಹಾರ್ಡ್ ಲಕೋಟೆಯನ್ನು ತನ್ನತ್ತ ಎಳೆದುಕೊಂಡ. ಹದಿನಾಲ್ಕು ವರ್ಷ ಖಾಲಿಯಿದ್ದ ಕಳಿಸುವವರ ಜಾಗದಲ್ಲಿ ತಾಯಿಯ ಹೆಸರನ್ನೂ ತನ್ನ ಹೆಸರನ್ನೂ ಪೂರಾ ವಿಳಾಸವನ್ನೂ ಬರೆದ. ಅಂಚೆಚೀಟಿಗಾಗಿ ಮೇಜಿನ ಡ್ರಾಯರ್ ಎಳೆದವನನ್ನು ರೋಸ್ವಿತಾ ತಡೆದಳು.

"ಇದಕ್ಕೆ ಠಸ್ಸೆ ಬೇಡ. ನಾವೇ ಹೋಗಿ ಕೈಗೆ ಕೊಡೋಣ. ಆಮೇಲೆ ಪೊಲೀಸರ ಹತ್ರ. ಕೋಟು ಹಾಕ್ಕೊಳಿ, ಮೂರೂವರೆ ರೈಲಿದೆ."

ಅವರು ಕೋಟು ಹುಡುಕುತ್ತಿದ್ದಾಗ ಅವಳು ಕೈಚೀಲದಿಂದ ನೀಲಿ ಪೆನ್ಸಿಲು ತೆಗೆದು, ಅವರಿಬ್ಬರ ಹೆಸರಿನ ಕೆಳಗೆ ತನ್ನ ಹೆಸರನ್ನೂ ಸೇರಿಸಿದಳು.